ಗೋವಿನಜೋಳ ಬಿಟ್ಟು ನವಣೆಯಲ್ಲಿ ಕಾರ್ನ್‌ಬ್ರೆಡ್: ನನ್ನ ಅನುಭವ

ನನ್ನ ಮಗನಿಗೆ ಗೋವಿನಜೋಳ ಆಗಿಬರುವುದಿಲ್ಲ. ತಿಂದ ಅರ್ಧ ಗಂಟೆಯೊಳಗೆ ಮೈಮೇಲೆ ದದ್ದು ಏಳುತ್ತವೆ, ತುಟಿ ಊದಿಕೊಳ್ಳುತ್ತದೆ. ಡಾಕ್ಟರು ಪರೀಕ್ಷೆ ಮಾಡಿ ಅಲರ್ಜಿ ಎಂದು ಹೇಳಿದಾಗ ಅವನಿಗೆ ನಾಲ್ಕು ವರ್ಷ. ನಾವಿರುವುದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ. ಇಲ್ಲಿ ಹಬ್ಬದೂಟಕ್ಕೆ ಗೋವಿನಜೋಳದ ಬ್ರೆಡ್, ಅಂದರೆ ಕಾರ್ನ್‌ಬ್ರೆಡ್ ಬೇಕು, ಬೆಳಗಿನ ತಿಂಡಿಗೆ ಗ್ರಿಟ್ಸ್ ಎನ್ನುವ ಗೋವಿನಜೋಳದ ನುಚ್ಚಿನ ಗಂಜಿ ಬೇಕು, ಬೆಂಡೆಕಾಯಿ ಕರಿದರೂ ಮೇಲೆ ಹಚ್ಚುವುದು ಕಾರ್ನ್‌ಮೀಲೇ. ಕಾರ್ನ್‌ಮೀಲ್ ಅಂದರೆ ಒಣಗಿದ ಗೋವಿನಜೋಳವನ್ನು ತರಿತರಿಯಾಗಿ ಬೀಸಿದ ಹಿಟ್ಟು. ನಾನು ಹಾವೇರಿ ಕಡೆಯವಳು, ಅದಕ್ಕೆ ಗೋವಿನಜೋಳ ಎನ್ನುತ್ತೇನೆ. ಮೈಸೂರು ಕಡೆಯವರು ಮುಸುಕಿನ ಜೋಳ ಎನ್ನುತ್ತಾರೆ, ಪೇಪರಿನಲ್ಲಿ ಮೆಕ್ಕೆಜೋಳ ಎಂದು ಬರೆಯುತ್ತಾರೆ. ರೊಟ್ಟಿ ಮಾಡುವ ಬಿಳಿಜೋಳ ಬೇರೆ. ಅದು ನನ್ನ ಮಗನಿಗೆ ಆಗುತ್ತದೆ, ನವಣೆ ಬರಗು ಕೂಡ ಆಗುತ್ತವೆ. ಡಾಕ್ಟರನ್ನು ಕೇಳಿ, ಒಂದೊಂದನ್ನೇ ಸ್ವಲ್ಪ ಸ್ವಲ್ಪ ಕೊಟ್ಟು ನೋಡಿದ ಮೇಲೆಯೇ ಇದನ್ನು ಹೇಳುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಅಲರ್ಜಿಯವರಿದ್ದರೆ ದಯವಿಟ್ಟು ಹಾಗೇ ಮಾಡಿ.

ಮೊದಲು ನಾನು ಮಾಡಿದ ತಪ್ಪು ಹೇಳುತ್ತೇನೆ. ಸಿರಿಧಾನ್ಯ ಅಂದರೆ ಹಿಟ್ಟು ಎಂದುಕೊಂಡು ಇಂಡಿಯನ್ ಅಂಗಡಿಯಿಂದ ನವಣೆ ಹಿಟ್ಟಿನ ಪ್ಯಾಕೆಟ್ ತಂದೆ. ಕಾರ್ನ್‌ಬ್ರೆಡ್ ರೆಸಿಪಿಯಲ್ಲಿ ಎರಡು ಕಪ್ ಕಾರ್ನ್‌ಮೀಲ್ ಎಂದಿದ್ದಲ್ಲಿ ಎರಡು ಕಪ್ ನವಣೆ ಹಿಟ್ಟು ಹಾಕಿ ಬೇಯಿಸಿದೆ. ಅಂಚು ಗಟ್ಟಿ, ನಡುವೆ ಅಂಟು, ಗಂಟಲಿಗೆ ಹಿಡಿದುಕೊಳ್ಳುವಷ್ಟು ಒಣ, ಕೊನೆಯಲ್ಲಿ ಒಂದು ಕಹಿ. ಮಗ ಒಂದು ತುತ್ತು ತಿಂದು ತಟ್ಟೆ ದೂಡಿದ. ಅವನ ಮುಖ ನೋಡಿ ತುಂಬಾ ಬೇಜಾರಾಯಿತು. ಶಾಲೆಯಲ್ಲಿ ಎಲ್ಲ ಮಕ್ಕಳೂ ತಿನ್ನುವುದನ್ನು ತಾನೂ ತಿನ್ನಬೇಕು ಎಂದು ಕಾಯುತ್ತಿದ್ದ ಮಗು ಅದು.

ಕಹಿ ಎಲ್ಲಿಂದ ಬಂತು ಎಂದು ಆಮೇಲೆ ಗೊತ್ತಾಯಿತು. ಸಿರಿಧಾನ್ಯದ ಕಾಳಿನಲ್ಲಿ ಎಣ್ಣೆ ಅಂಶ ಇರುತ್ತದೆ. ಕಾಳು ಇಡಿಯಾಗಿ ಇರುವವರೆಗೆ ತೊಂದರೆ ಇಲ್ಲ, ಬೀಸಿದ ತಕ್ಷಣ ಆ ಎಣ್ಣೆ ಗಾಳಿಗೆ ಸಿಕ್ಕು ಕೆಡುವುದಕ್ಕೆ ಶುರುವಾಗುತ್ತದೆ. ಸಜ್ಜೆ ಹಿಟ್ಟಂತೂ ಬೇಗ ಕಮಟಾಗುತ್ತದೆ, ಊರಲ್ಲಿ ಅವ್ವ ಯಾವತ್ತೂ ಸಜ್ಜೆಯನ್ನು ಆ ವಾರಕ್ಕೆ ಬೇಕಾದಷ್ಟೇ ಬೀಸಿಸಿಕೊಂಡು ಬರುತ್ತಿದ್ದದ್ದು ಇದಕ್ಕೇ ಇರಬೇಕು. ನಾನು ತಂದ ಪ್ಯಾಕೆಟ್ ಹಡಗಿನಲ್ಲಿ ಬಂದು, ಗೋಡೌನಿನಲ್ಲಿ ಕೂತು, ಅಂಗಡಿಯ ಶೆಲ್ಫಿನಲ್ಲಿ ಕೂತು ನನ್ನ ಕೈಗೆ ಸಿಕ್ಕಿದ್ದು. ಅವತ್ತಿನಿಂದ ಹಿಟ್ಟು ತರುವುದನ್ನು ಬಿಟ್ಟೆ, ಕಾಳನ್ನೇ ತಂದು ಮನೆಯಲ್ಲೇ ಒಡೆದುಕೊಳ್ಳುತ್ತೇನೆ.

ಕಾಳು ಯಾವುದು? ಬಣ್ಣಕ್ಕೆ ನವಣೆ ಒಳ್ಳೆಯದು, ಅದರ ಹಳದಿ ಗೋವಿನಜೋಳದ ಹತ್ತಿರಕ್ಕೆ ಬರುತ್ತದೆ. ನವಣೆ ಸಿಗದಿದ್ದರೆ ಇಲ್ಲಿನ ಸೂಪರ್‌ಮಾರ್ಕೆಟ್‌ನಲ್ಲಿ ಬರೀ ಮಿಲೆಟ್ ಎಂದು ಬರೆದು ಮಾರುವ ಕಾಳು ಸಾಕು. ಅದು ಸಾಮಾನ್ಯವಾಗಿ ನಮ್ಮ ಬರಗು. ಕೊಲರಾಡೊ, ನೆಬ್ರಾಸ್ಕಾ ಕಡೆ ಬೆಳೆಯುತ್ತಾರೆ. ಇಲ್ಲಿನ ಜನಕ್ಕೆ ಅದು ಹೆಚ್ಚಾಗಿ ಗೊತ್ತಿರುವುದು ಹಕ್ಕಿಗೆ ಹಾಕುವ ಕಾಳಾಗಿ. ಆ ಹಕ್ಕಿಕಾಳಿಗೆ ಸಿಪ್ಪೆ ಇರುತ್ತದೆ, ಅದನ್ನು ತರಬೇಡಿ. ಊಟದ ಸಾಮಾನಿನ ಸಾಲಿನಲ್ಲಿ ಸಿಪ್ಪೆ ತೆಗೆದದ್ದು ಸಿಗುತ್ತದೆ.

ಎರಡನೇ ಸಲ ಕಾಳನ್ನು ಮಿಕ್ಸಿಯಲ್ಲಿ ರವೆ ಮಾಡಿಕೊಂಡು ಸೀದಾ ಹಿಟ್ಟಿಗೆ ಕಲಸಿದೆ. ಈ ಸಲ ಕಹಿ ಇರಲಿಲ್ಲ. ಆದರೆ ಹಲ್ಲಿಗೆ ಮರಳು ಸಿಕ್ಕಂತೆ ಕರಕರ. ಫೋನಿನಲ್ಲಿ ಅವ್ವನಿಗೆ ಹೇಳಿದೆ. ಆಕೆ ಕಾರ್ನ್‌ಬ್ರೆಡ್ ಕಂಡವಳಲ್ಲ, ಆದರೂ ಕೇಳಿದ್ದು ಒಂದೇ ಪ್ರಶ್ನೆ: "ನೆನಸಿದ್ದೇನವಾ? ನವಣಕ್ಕಿ ಅನ್ನ ಮಾಡೂಮುಂದ ನೆನಸ್ತೀವಲ್ಲ, ಇದನ್ನೂ ಹಂಗ ನೆನಸು. ಮಜ್ಜಿಗ್ಯಾಗ ನೆನಸು, ಚಲೋ ಆಕ್ಕೈತಿ."

ಅಷ್ಟೇ ಆಗಿತ್ತು ಬೇಕಾಗಿದ್ದದ್ದು. ಗೋವಿನಜೋಳದ ರವೆ ಒಲೆಯಲ್ಲಿ ಬೇಯುತ್ತಾ ತಾನೇ ಮೆತ್ತಗಾಗುತ್ತದೆ, ನವಣೆ ರವೆಗೆ ಆ ಇಪ್ಪತ್ತು ನಿಮಿಷ ಸಾಲದು, ಮೊದಲೇ ನೀರು ಕುಡಿದಿರಬೇಕು. ಈಗ ನಾನು ಮಾಡುವ ರೀತಿ ಹೇಳುತ್ತೇನೆ, ಸ್ವಲ್ಪ ಉದ್ದವಾದರೂ ಪೂರ್ತಿ ಓದಿ.

ನವಣೆಯನ್ನು ತೊಳೆದು, ಬಟ್ಟೆಯ ಮೇಲೆ ಹರಡಿ ಚೆನ್ನಾಗಿ ಒಣಗಿಸಿಕೊಳ್ಳುತ್ತೇನೆ. ಆಮೇಲೆ ಸಣ್ಣ ಉರಿಯಲ್ಲಿ ಐದಾರು ನಿಮಿಷ ಹುರಿಯುತ್ತೇನೆ. ಬಣ್ಣ ಬದಲಾಗುವವರೆಗೆ ಕಾಯಬೇಡಿ. ಮೊದಲು ಹಸಿ ವಾಸನೆ ಹೋಗುತ್ತದೆ, ಆಮೇಲೆ ಒಂದೆರಡು ಕಾಳು ಚಟ್ ಎಂದು ಹಾರುತ್ತವೆ, ಅಡುಗೆಮನೆಯಲ್ಲಿ ಹುರಿಗಡಲೆಯಂಥ ಘಮ ಬರುತ್ತದೆ, ಅಲ್ಲಿಗೆ ಇಳಿಸಿಬಿಡಿ. ಪೂರ್ತಿ ಆರಿದ ಮೇಲೆ ಮಿಕ್ಸಿಗೆ ಹಾಕಿ ತಿರುಗಿಸಿ ನಿಲ್ಲಿಸಿ, ತಿರುಗಿಸಿ ನಿಲ್ಲಿಸಿ ಒಡೆಯಬೇಕು. ಒಂದೇ ಸಮನೆ ತಿರುಗಿಸಿದರೆ ಹಿಟ್ಟಾಗುತ್ತದೆ. ಬೆರಳಲ್ಲಿ ಉಜ್ಜಿದರೆ ಚಿರೋಟಿ ರವೆಗಿಂತ ಒಂದು ಚೂರು ದಪ್ಪ ಸಿಗಬೇಕು. ಜರಡಿ ಹಿಡಿಯುವುದಿಲ್ಲ ನಾನು, ಜೊತೆಗೆ ಬಂದ ಸಣ್ಣ ಹಿಟ್ಟು ರವೆಯನ್ನು ಹಿಡಿದಿಡುವುದಕ್ಕೆ ಬೇಕಾಗುತ್ತದೆ.

ಒಂದೂವರೆ ಕಪ್ ರವೆಗೆ ಒಂದೂವರೆ ಕಪ್ ಗಟ್ಟಿ ಮಜ್ಜಿಗೆ ಹಾಕಿ ಒಂದು ಗಂಟೆ ಬಿಡುತ್ತೇನೆ. ಇಲ್ಲಿ ಬಟರ್‌ಮಿಲ್ಕ್ ಎಂದು ಸಿಗುವುದು ನಮ್ಮ ಮಜ್ಜಿಗೆಯಂತೆ ತೆಳ್ಳಗೆ ಇರುವುದಿಲ್ಲ, ಮಂದವಾಗಿ ಹುಳಿಯಾಗಿ ಇರುತ್ತದೆ. ಮನೆಯ ಹುಳಿ ಮೊಸರನ್ನು ಸ್ವಲ್ಪವೇ ನೀರು ಹಾಕಿ ಕಡೆದರೂ ಆಯಿತು. ಗಂಟೆ ಬಿಟ್ಟು ನೋಡಿದರೆ ರವೆ ಉಬ್ಬಿ, ಉಪ್ಪಿಟ್ಟು ಇನ್ನೇನು ಗಟ್ಟಿಯಾಗಬೇಕು ಎನ್ನುವ ಹದದಲ್ಲಿ ಇರುತ್ತದೆ. ಎರಡು ಮೊಟ್ಟೆ, ನಾಲ್ಕು ದೊಡ್ಡ ಚಮಚ ಕರಗಿಸಿದ ಬೆಣ್ಣೆ, ಒಂದು ದೊಡ್ಡ ಚಮಚ ಬೆಲ್ಲದ ಪುಡಿ ಇದಕ್ಕೆ ಸೇರಿಸಿ ಕಲಸುತ್ತೇನೆ. ಇಲ್ಲಿನ ಹಳಬರು ಕಾರ್ನ್‌ಬ್ರೆಡ್‌ಗೆ ಸಿಹಿ ಹಾಕಬಾರದು ಎನ್ನುತ್ತಾರೆ, ಆದರೆ ಗೋವಿನಜೋಳಕ್ಕೆ ತನ್ನದೇ ಸಿಹಿ ಇದೆ, ನವಣೆಗೆ ಅಷ್ಟಿಲ್ಲ, ಹಾಗಾಗಿ ಆ ಒಂದು ಚಮಚ ಬೇಕೇ ಬೇಕು. ಕೊನೆಗೆ ಅರ್ಧ ಕಪ್ ಗೋಧಿ ಹಿಟ್ಟು, ಮುಕ್ಕಾಲು ಟೀ ಚಮಚ ಅಡುಗೆ ಸೋಡಾ, ಅಷ್ಟೇ ಉಪ್ಪು. ಗೋಧಿ ಆಗದವರು ಅದರ ಬದಲು ಬಿಳಿಜೋಳದ ಹಿಟ್ಟು ಹಾಕಿ ಒಂದು ಟೀ ಚಮಚ ಇಸಬ್‌ಗೋಲ್ ಸೇರಿಸಿಕೊಳ್ಳಬಹುದು, ಇಲ್ಲದಿದ್ದರೆ ಕತ್ತರಿಸುವಾಗ ಪುಡಿಪುಡಿ ಆಗುತ್ತದೆ.

ಬೇಯಿಸುವುದು ಬೀಡಿನ ಬಾಣಲೆಯಲ್ಲಿ. ಹತ್ತು ಇಂಚಿನದು, ಅವನ್‌ನೊಳಗೆ ಹೋಗುವಂಥದ್ದು. ಖಾಲಿ ಬಾಣಲೆಯನ್ನೇ ಮೊದಲು ಅವನ್‌ನಲ್ಲಿಟ್ಟು 425 ಡಿಗ್ರಿ ಫ್ಯಾರನ್‌ಹೀಟ್‌ಗೆ, ಅಂದರೆ ಸುಮಾರು 220 ಸೆಲ್ಸಿಯಸ್‌ಗೆ ಕಾಯಿಸುತ್ತೇನೆ. ಹೊರಗೆ ತೆಗೆದು ಒಂದು ಚಮಚ ತುಪ್ಪ ಬಿಟ್ಟು ಹಿಟ್ಟು ಸುರಿದಾಗ ಚೊಂಯ್ ಎನ್ನಬೇಕು. ಆ ಸದ್ದು ಬರಲಿಲ್ಲ ಅಂದರೆ ಬಾಣಲೆ ಕಾದಿಲ್ಲ, ತಳದಲ್ಲಿ ಗರಿಗರಿ ಹೊರಪದರ ಬರುವುದಿಲ್ಲ. ಇಪ್ಪತ್ತರಿಂದ ಇಪ್ಪತ್ತೆರಡು ನಿಮಿಷ. ಅಂಚು ಬಾಣಲೆಯಿಂದ ಬಿಟ್ಟುಕೊಂಡು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಹತ್ತು ನಿಮಿಷ ಆರಲು ಬಿಟ್ಟು ಕತ್ತರಿಸಿ.

ಮೂರನೇ ಸಲ ಹೀಗೇ, ಆದರೆ ಸೋಡಾ ಬದಲು ಬೇಕಿಂಗ್ ಪೌಡರ್ ಹಾಕಿ ಮಾಡಿದಾಗ ಮಗ ಎರಡು ತುಂಡು ತಿಂದ. ಆದರೆ ಅವತ್ತು ರಾತ್ರಿ ಮತ್ತೆ ದದ್ದು ಎದ್ದವು. ನವಣೆಯೂ ಆಗುವುದಿಲ್ಲವೇನೋ ಎಂದು ನಾನು ಅತ್ತೇಬಿಟ್ಟೆ. ಮರುದಿನ ಒಂದೊಂದೇ ಡಬ್ಬಿ ತೆಗೆದು ಓದುತ್ತಾ ಕೂತಾಗ ಬೇಕಿಂಗ್ ಪೌಡರ್ ಡಬ್ಬಿಯ ಹಿಂದೆ ಸಿಕ್ಕಿತು: ಕಾರ್ನ್‌ಸ್ಟಾರ್ಚ್. ನಮ್ಮಲ್ಲಿ ಕಾರ್ನ್‌ಫ್ಲೋರ್ ಎನ್ನುತ್ತೇವಲ್ಲ, ಅದೇ. ಪೌಡರ್ ತೇವ ಹಿಡಿಯದಿರಲಿ ಎಂದು ಅದನ್ನು ಬೆರೆಸಿರುತ್ತಾರೆ. ಅದಕ್ಕೇ ಈಗ ಮಜ್ಜಿಗೆ ಮತ್ತು ಸೋಡಾ ಮಾತ್ರ, ಮಜ್ಜಿಗೆಯ ಹುಳಿಯೇ ಸೋಡಾವನ್ನು ಉಬ್ಬಿಸುತ್ತದೆ, ಬೇರೆ ಪೌಡರ್ ಬೇಡ. ಪುಡಿ ಸಕ್ಕರೆಯಲ್ಲೂ ಕಾರ್ನ್‌ಸ್ಟಾರ್ಚ್ ಇರುತ್ತದೆ. ಅಯೋಡಿನ್ ಉಪ್ಪಿನಲ್ಲಿ ಡೆಕ್ಸ್‌ಟ್ರೋಸ್ ಇರುತ್ತದೆ, ಇಲ್ಲಿ ಅದನ್ನು ಹೆಚ್ಚಾಗಿ ಗೋವಿನಜೋಳದಿಂದಲೇ ತೆಗೆಯುತ್ತಾರೆ. ಪಿಜ್ಜಾ ಅಂಟದಿರಲಿ ಎಂದು ತಳಕ್ಕೆ ಉದುರಿಸುವುದೂ ಎಷ್ಟೋ ಕಡೆ ಕಾರ್ನ್‌ಮೀಲ್. ಅಮೆರಿಕದ ಕಾನೂನಿನ ಪ್ರಕಾರ ಪ್ಯಾಕೆಟ್ ಮೇಲೆ ಎದ್ದು ಕಾಣುವಂತೆ ಬರೆಯಲೇಬೇಕಾದ ಅಲರ್ಜಿ ಪದಾರ್ಥಗಳು ಒಂಬತ್ತು. ಹಾಲು, ಮೊಟ್ಟೆ, ಕಡಲೆಕಾಯಿ, ಗೋಧಿ ಎಲ್ಲ ಇವೆ, 2023ರಿಂದ ಎಳ್ಳೂ ಸೇರಿದೆ. ಗೋವಿನಜೋಳ ಆ ಪಟ್ಟಿಯಲ್ಲಿ ಇಲ್ಲ. ನಾವೇ ಸಣ್ಣ ಅಕ್ಷರ ಓದಬೇಕು. ಬರೀ ಹಿಟ್ಟು ಬದಲಾಯಿಸಿದರೆ ಕೆಲಸ ಮುಗಿಯಿತು ಎಂದುಕೊಳ್ಳುವವರಿಗೆ ನಾನು ಗಟ್ಟಿಯಾಗಿ ಹೇಳಬೇಕೆಂದಿರುವುದು ಇದನ್ನೇ.

ಗ್ರಿಟ್ಸ್ ವಿಷಯ ಸುಲಭ. ಮೊದಲ ಸಲ ಇಲ್ಲಿ ಗ್ರಿಟ್ಸ್ ತಿಂದಾಗಲೇ ನನಗೆ ಅನ್ನಿಸಿತ್ತು, ಇದು ನಮ್ಮ ನುಚ್ಚು ಅಲ್ವಾ ಎಂದು. ಬಿಳಿಜೋಳದ ನುಚ್ಚನ್ನು ಒಂದಕ್ಕೆ ನಾಲ್ಕು ನೀರು ಹಾಕಿ, ಕೈ ಬಿಡದೆ ತಿರುವುತ್ತಾ ಬೇಯಿಸಿ, ಕೊನೆಗೆ ಬೆಣ್ಣೆ, ಉಪ್ಪು, ಕಾಳುಮೆಣಸು ಹಾಕಿ ಕೊಡುತ್ತೇನೆ. ನಾನು ಮಾತ್ರ ಅದಕ್ಕೆ ಮಜ್ಜಿಗೆ ಕಲಸಿ ಉಪ್ಪಿನಕಾಯಿ ನಂಚಿಕೊಳ್ಳುತ್ತೇನೆ. ಪೊಲೆಂಟಾ ಅಂದರೆ ಇಟಲಿಯವರ ಗೋವಿನಜೋಳದ ಗಟ್ಟಿ ಗಂಜಿ, ಅದಕ್ಕೆ ಬರಗಿನ ರವೆ, ಅದೇ ಅಳತೆ. ತಟ್ಟೆಗೆ ಸುರಿದು ಆರಿಸಿದರೆ ಗಟ್ಟಿ ಕಟ್ಟಿಕೊಳ್ಳುತ್ತದೆ, ಚೌಕ ಕತ್ತರಿಸಿ ಹಂಚಿನ ಮೇಲೆ ಎಣ್ಣೆ ಬಿಟ್ಟು ಕೆಂಪಗೆ ಮಾಡಬಹುದು. ಗೋವಿನಜೋಳ ಅಮೆರಿಕ ಖಂಡದಿಂದ ಯುರೋಪಿಗೆ ಹೋಗುವ ಮೊದಲು ಇಟಲಿಯವರು ಇಂಥ ಗಂಜಿಯನ್ನು ಬರಗು, ಹಳೇ ಗೋಧಿ ಜಾತಿಗಳು, ಚೆಸ್ಟ್‌ನಟ್ ಹಿಟ್ಟಿನಿಂದ ಮಾಡುತ್ತಿದ್ದರು. ನಮ್ಮೂರಲ್ಲೂ ಹಾಗೆಯೇ. ಅಜ್ಜಿ ಕಾಲದಲ್ಲಿ ನವಣೆ, ಸಾವೆ ಬೆಳೆಯುತ್ತಿದ್ದ ನಮ್ಮ ಹೊಲದಲ್ಲಿ ಈಗ ಗೋವಿನಜೋಳ ನಿಂತಿದೆ, ಹೆಚ್ಚಿನದು ಕೋಳಿ ಮೇವಿಗೆ ಹೋಗುತ್ತದೆ. ಊರಿಗೆ ಹೋದಾಗ ನವಣೆ ಬೇಕೆಂದರೆ ಪೇಟೆಯಿಂದ ಪ್ಯಾಕೆಟ್ ತರಬೇಕು, ಅದು ನನಗೆ ನೋವಿನ ವಿಷಯ.

ಬೆಂಡೆಕಾಯಿ ಕರಿಯುವುದಕ್ಕೆ ಅದೇ ನವಣೆ ರವೆಯನ್ನು ಇನ್ನೂ ಸಣ್ಣಗೆ ಮಾಡಿ, ಮಜ್ಜಿಗೆಯಲ್ಲಿ ಅದ್ದಿದ ಹೋಳುಗಳನ್ನು ಅದರಲ್ಲಿ ಹೊರಳಿಸಿ ಕರಿದರೆ ಸಾಕು, ತುಂಬಾ ಗರಿಗರಿ.

ಇನ್ನೂ ಸರಿಯಾಗಿ ಬಾರದಿರುವುದು ಟಾರ್ಟಿಯಾ, ಅಂದರೆ ಪಲ್ಯ ತುಂಬಿ ಮಡಚಿ ಟ್ಯಾಕೋ ಮಾಡುವ ಮೆಕ್ಸಿಕೊದ ತೆಳು ರೊಟ್ಟಿ. ಅದರ ಹಿಟ್ಟಿಗೆ ಗೋವಿನಜೋಳದ ಕಾಳನ್ನು ಸುಣ್ಣದ ನೀರಲ್ಲಿ ಬೇಯಿಸಿ, ನೆನಸಿಟ್ಟು, ತೊಳೆದು ಅರೆಯುತ್ತಾರೆ. ಆ ಸುಣ್ಣದಿಂದಲೇ ಹಿಟ್ಟಿಗೆ ಅಂಟು ಬರುತ್ತದೆ. ಸಿರಿಧಾನ್ಯದಲ್ಲಿ ನನಗೆ ಆ ಎಳೆತ ಸಿಕ್ಕಿಲ್ಲ. ಹಾಗಾಗಿ ಟ್ಯಾಕೋ ಕೇಳಿದ ದಿನ ಕುದಿಯುವ ಎಸರಿಗೆ ಜೋಳದ ಹಿಟ್ಟು ಹಾಕಿ, ಚೆನ್ನಾಗಿ ನಾದಿ, ಅಂಗೈ ಅಗಲದ ರೊಟ್ಟಿ ಬಡಿಯುತ್ತೇನೆ. ಹಂಚಿನಿಂದ ತೆಗೆದ ತಕ್ಷಣ ಬಟ್ಟೆಯಲ್ಲಿ ಸುತ್ತಿ, ಬಿಸಿ ಇರುವಾಗಲೇ ಪಲ್ಯ ತುಂಬಿ ಮಡಚಿ ಕೊಡಬೇಕು. ಎರಡು ನಿಮಿಷ ತಡವಾದರೂ ಮಡಿಕೆಯಲ್ಲಿ ಬಿರುಕು ಬಿಡುತ್ತದೆ. ಮಗ ಈಗ ಒಲೆಯ ಪಕ್ಕದಲ್ಲೇ ತಟ್ಟೆ ಹಿಡಿದು ನಿಂತಿರುತ್ತಾನೆ.