ಕಡಲ ಮೀನು ಮನೆಗೆ ಬರುವ ಮುನ್ನ: ಕ್ವಾರಂಟೈನ್ ಟ್ಯಾಂಕ್ ಸಿದ್ಧಪಡಿಸುವ ಬಗೆ

ಕೆಲವು ವರ್ಷಗಳ ಹಿಂದೆ ಕುವೆಂಪುನಗರದ ನಮ್ಮ ಮನೆಗೆ ಒಂದು ಪೌಡರ್ ಬ್ಲೂ ಟ್ಯಾಂಗ್ ಮೀನು ತಂದು, ಚೀಲವನ್ನು ಅರ್ಧ ಗಂಟೆ ತೇಲಿಬಿಟ್ಟು, ನೇರವಾಗಿ ದೊಡ್ಡ ಟ್ಯಾಂಕಿಗೆ ಬಿಟ್ಟಿದ್ದೆ. ಐದನೆಯ ದಿನ ಬೆಳಿಗ್ಗೆ ಅದರ ರೆಕ್ಕೆಯ ಅಂಚಿನಲ್ಲಿ ಸಣ್ಣ ರವೆಯ ಕಾಳಿನಂಥ ಎರಡು ಬಿಳಿ ಚುಕ್ಕೆಗಳು ಕಂಡವು. ಮೂರು ದಿನ ಕಳೆಯುವಷ್ಟರಲ್ಲಿ ಅವು ಮಾಯವಾದವು. ವಾಸಿಯಾಯಿತೆಂದು ಸಮಾಧಾನಪಟ್ಟುಕೊಂಡೆ. ಎರಡು ವಾರದ ಬಳಿಕ ಟ್ಯಾಂಕಿನ ಎಲ್ಲ ಮೀನುಗಳ ಮೈಮೇಲೂ ಅದೇ ರವೆ. ಐದು ಮೀನುಗಳಲ್ಲಿ ಉಳಿದದ್ದು ಒಂದು ಕ್ಲೌನ್ ಮೀನು ಮಾತ್ರ.

ಚುಕ್ಕೆ ಮಾಯವಾದದ್ದು ವಾಸಿಯ ಲಕ್ಷಣವಲ್ಲ, ರೋಗ ಹರಡುವ ಮುಂದಿನ ಹಂತ. ಮರೈನ್ ಇಕ್ ಎಂದು ಕರೆಯುವ ಈ ರೋಗಕ್ಕೆ ಕಾರಣವಾದ ಕ್ರಿಪ್ಟೋಕ್ಯಾರಿಯಾನ್ ಇರಿಟನ್ಸ್ ಎಂಬ ಪರಾವಲಂಬಿಯು ಮೀನಿನ ಚರ್ಮದಲ್ಲಿ ಮೂರರಿಂದ ಏಳು ದಿನ ಬೆಳೆದು, ಅಲ್ಲಿಂದ ಕಳಚಿಕೊಂಡು, ಮರಳು ಕಲ್ಲುಗಳಿಗೆ ಅಂಟಿ ಕೋಶ ಕಟ್ಟುತ್ತದೆ. ಆ ಕೋಶದೊಳಗೆ ಹಲವು ಪಟ್ಟು ಒಡೆದು, ಕೆಲವು ದಿನ ಅಥವಾ ಕೆಲವು ವಾರಗಳ ನಂತರ ನೂರಾರು ಮರಿಗಳಾಗಿ ಹೊರಬಂದು ಮತ್ತೆ ಮೀನನ್ನು ಹುಡುಕುತ್ತದೆ. ಕಲ್ಲು ಮರಳಿರುವ ಟ್ಯಾಂಕಿಗೆ ಒಮ್ಮೆ ಇದು ಹೊಕ್ಕರೆ, ಮೀನುಗಳನ್ನೆಲ್ಲ ಹೊರತೆಗೆದು ಸುಮಾರು 76 ದಿನ ಟ್ಯಾಂಕನ್ನು ಮೀನಿಲ್ಲದೆ ಖಾಲಿ ಬಿಡುವುದೇ ಪರಿಹಾರ. ಆ ಪಾಡು ಬೇಡವೆಂದಾದರೆ ಪ್ರತಿ ಹೊಸ ಮೀನನ್ನೂ ಮೊದಲು ಬೇರೆ ಟ್ಯಾಂಕಿನಲ್ಲಿ, ಅಂದರೆ ಕ್ವಾರಂಟೈನ್ ಟ್ಯಾಂಕಿನಲ್ಲಿ, ಇಟ್ಟು ನೋಡಬೇಕು. ಆ ಟ್ಯಾಂಕಿನ ಸಿದ್ಧತೆ ಮೀನು ಕೊಳ್ಳುವ ಒಂದು ತಿಂಗಳ ಮೊದಲೇ ಶುರುವಾಗಬೇಕು ಎಂಬುದನ್ನು ನಾನು ಎಲ್ಲಕ್ಕಿಂತ ಒತ್ತಿ ಹೇಳುತ್ತೇನೆ.

ಟ್ಯಾಂಕ್ ಮತ್ತು ಜಾಗ

ಎರಡು ಅಡಿ ಉದ್ದ, ಹದಿನೈದು ಇಂಚು ಅಗಲ, ಹದಿನೈದು ಇಂಚು ಎತ್ತರದ ಸಾದಾ ಗಾಜಿನ ಟ್ಯಾಂಕ್ ಸಾಕು. ಹದಿಮೂರು ಇಂಚಿನವರೆಗೆ ತುಂಬಿದರೆ ಸುಮಾರು 75 ಲೀಟರ್ ನೀರು ಹಿಡಿಯುತ್ತದೆ. ತಳಕ್ಕೆ ಮರಳು ಹಾಕಬಾರದು, ಕಲ್ಲು ಇಡಬಾರದು: ಪರಾವಲಂಬಿಗೆ ಅಲ್ಲಿ ಅಡಗುತಾಣ ಸಿಗುತ್ತದೆ, ಮುಂದೆ ಔಷಧವಾಗಿ ತಾಮ್ರ ಹಾಕಿದರೆ ಸುಣ್ಣದ ಅಂಶವುಳ್ಳ ಕಲ್ಲು ಮರಳುಗಳು ಅದನ್ನು ಹೀರಿಕೊಳ್ಳುತ್ತವೆ. ಮೀನು ಅವಿತುಕೊಳ್ಳಲು ಹಾರ್ಡ್‌ವೇರ್ ಅಂಗಡಿಯ ಎರಡು ಮೂರು ಪಿವಿಸಿ ಎಲ್ಬೋಗಳನ್ನು ಚೆನ್ನಾಗಿ ತೊಳೆದು ಹಾಕಬೇಕು. ಹೆದರಿದ ಮೀನು ಹಾರುವುದರಿಂದ ಮೇಲೆ ಬಲೆಯ ಮುಚ್ಚಳ ಕಡ್ಡಾಯ.

ಟ್ಯಾಂಕನ್ನು ಓಡಾಟ ಕಡಿಮೆಯಿರುವ ಕೋಣೆಯಲ್ಲಿ, ದೊಡ್ಡ ಟ್ಯಾಂಕಿನಿಂದ ಸಾಧ್ಯವಾದಷ್ಟು ದೂರದಲ್ಲಿಡಬೇಕು. ಏಕೆಂದರೆ ಗಾಳಿಗುಳ್ಳೆ ಒಡೆದಾಗ ಸಿಡಿಯುವ ಹನಿಯಲ್ಲೂ ರೋಗಾಣು ದಾಟಬಲ್ಲದು. ಏರ್ ಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಸೇರಿಸುತ್ತದೆಂಬುದನ್ನು ನೆನಪಿಡಬೇಕು. ಸೊಳ್ಳೆ ಬತ್ತಿಯ ಹೊಗೆಯಲ್ಲಿರುವ ಕೀಟನಾಶಕವು ಮೀನಿಗೆ ವಿಷ, ಆದ್ದರಿಂದ ಆ ಕೋಣೆಯಲ್ಲಿ ಅದನ್ನು ಹಚ್ಚುವಂತಿಲ್ಲ. ಕರೆಂಟ್ ಹೋದಾಗ ನಡೆಯುವಂತೆ ಬ್ಯಾಟರಿಯ ಏರ್ ಪಂಪೊಂದು ಇರಲಿ. ಪಂಪಿನ ನಳಿಕೆಗೆ ಚೆಕ್ ವಾಲ್ವ್ ಹಾಕದಿದ್ದರೆ ಕರೆಂಟ್ ಹೋದ ಕ್ಷಣ ನೀರು ಹಿಂದಕ್ಕೆ ಹರಿದು ನೆಲಕ್ಕಿಳಿಯುತ್ತದೆ.

ಮೈಸೂರಿನ ಹವೆ ಹಿತವೆಂಬುದು ನಮಗೆ, ಹವಳದ ದಿಬ್ಬದ ಮೀನಿಗಲ್ಲ. ಡಿಸೆಂಬರ್, ಜನವರಿಯ ರಾತ್ರಿ ಇಲ್ಲಿ ಪಾದರಸ 16 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಮೀನಿಗೆ ಬೇಕಾದದ್ದು 25ರಿಂದ 26 ಡಿಗ್ರಿ, ಅದೂ ಏರಿಳಿತವಿಲ್ಲದೆ. ಈ ಅಳತೆಯ ಟ್ಯಾಂಕಿಗೆ 100 ವಾಟ್‌ನ ಹೀಟರ್ ಸಾಕು. ಏಪ್ರಿಲ್ ತಿಂಗಳ ಮಧ್ಯಾಹ್ನಗಳಲ್ಲಿ ನೀರಿನ ಮೇಲೆ ಚಿಕ್ಕ ಫ್ಯಾನ್ ಬೀಸುವಂತೆ ಇಡಬೇಕಾಗುತ್ತದೆ, ಆಗ ಆವಿಯಾದಷ್ಟು ನೀರನ್ನು ದಿನವೂ ಸಿಹಿನೀರಿನಿಂದಲೇ ತುಂಬಬೇಕು, ಉಪ್ಪುನೀರಿನಿಂದಲ್ಲ.

ನೀರು

ನಲ್ಲಿಯಲ್ಲಿ ಬರುವ ಕಾವೇರಿ ನೀರಿಗೆ ಕ್ಲೋರಿನ್ ಬೆರೆಸಿರುತ್ತಾರೆ. ಮಂಡ್ಯದ ಕಡೆ ಬೋರ್‌ವೆಲ್ ನೀರನ್ನೇ ನಂಬಿದವರಿಗೆ ಗಡಸುತನದ ತೊಂದರೆ. ಎರಡಕ್ಕೂ ಆರ್‌ಒ ನೀರೇ ಉತ್ತಮ. ಆದರೆ ಮನೆಬಳಕೆಯ ಆರ್‌ಒ ಯಂತ್ರಗಳಲ್ಲಿ ರುಚಿಗಾಗಿ ಸ್ವಲ್ಪ ಹಸಿ ನೀರನ್ನು ಬೆರೆಸುವ ವ್ಯವಸ್ಥೆಯಿರುವುದುಂಟು, ಹಾಗಾಗಿ ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ ತೋರಿಸುವ ಟಿಡಿಎಸ್ ಮೀಟರಿನಲ್ಲಿ ಅಳೆದು ನೋಡುವುದು ಒಳ್ಳೆಯದು. ನೀರು ತುಂಬಿಡಲು ತಾಮ್ರದ ಹಂಡೆ, ಹಿತ್ತಾಳೆಯ ಕೊಳಗಗಳನ್ನು ಬಳಸಲೇಬಾರದು. ಪ್ಲಾಸ್ಟಿಕ್ ಬಕೆಟ್ ಅಥವಾ ಡ್ರಮ್ಮನ್ನು ಇದಕ್ಕೆಂದೇ ತೆಗೆದಿಡಬೇಕು.

ಅಡುಗೆಯ ಉಪ್ಪು ಸಲ್ಲದು, ಅಕ್ವೇರಿಯಂಗಾಗಿಯೇ ತಯಾರಿಸಿದ ಸಮುದ್ರದ ಉಪ್ಪಿನ ಮಿಶ್ರಣವನ್ನೇ ಕೊಳ್ಳಬೇಕು. ಲೀಟರಿಗೆ 35ರಿಂದ 38 ಗ್ರಾಂ ಲೆಕ್ಕದಲ್ಲಿ 75 ಲೀಟರಿಗೆ ಎರಡೂಮುಕ್ಕಾಲು ಕಿಲೋ ಸುಮಾರಿಗೆ ಬೇಕಾಗುತ್ತದೆ. ಮೊದಲು ನೀರು, ಆಮೇಲೆ ಉಪ್ಪು. ಉಪ್ಪಿನ ಮೇಲೆ ನೀರು ಸುರಿದರೆ ಕ್ಯಾಲ್ಸಿಯಂ ಗಟ್ಟಿಯಾಗಿ ತಳ ಹಿಡಿಯುತ್ತದೆ. ಚಿಕ್ಕ ಪಂಪಿನಿಂದ ಒಂದು ದಿನ ತಿರುಗಿಸಿ, ಲವಣಾಂಶ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ನೋಡಿದಾಗ ಸಾಪೇಕ್ಷ ಸಾಂದ್ರತೆ 1.025 ತೋರಿಸಬೇಕು.

ಸ್ಪಾಂಜ್ ಎಂಬ ಮುಖ್ಯ ಕೆಲಸ

ಬಹುತೇಕರು ಎಡವುವುದು ಇಲ್ಲಿಯೇ. ಬರಿಯ ಟ್ಯಾಂಕಿನಲ್ಲಿ ಮೀನಿನ ಕಿವಿರು ಮತ್ತು ಕಸದಿಂದ ಹೊರಡುವ ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾಗಳು ಇರುವುದಿಲ್ಲ, ಕಡಲ ನೀರಿನ ಹೆಚ್ಚಿನ ಪಿಎಚ್‌ನಲ್ಲಂತೂ ಅಮೋನಿಯಾದ ವಿಷ ಇನ್ನಷ್ಟು ತೀಕ್ಷ್ಣ. ಆದ್ದರಿಂದ ಏರ್ ಪಂಪಿನಿಂದ ನಡೆಯುವ ಸ್ಪಾಂಜ್ ಫಿಲ್ಟರಿನ ಸ್ಪಾಂಜನ್ನು ನಾಲ್ಕು ವಾರ ಮುಂಚೆಯೇ ರೋಗವಿಲ್ಲದ ದೊಡ್ಡ ಟ್ಯಾಂಕಿನ ಸಂಪಿನಲ್ಲಿ (ಟ್ಯಾಂಕಿಗೆ ಜೋಡಿಸಿದ, ನೀರು ಸೋಸುವ ತೊಟ್ಟಿಯಲ್ಲಿ) ಇಟ್ಟು, ಬ್ಯಾಕ್ಟೀರಿಯಾ ನೆಲೆಗೊಳ್ಳಲು ಬಿಟ್ಟು, ಮೀನು ಬರುವ ಹಿಂದಿನ ದಿನ ಕ್ವಾರಂಟೈನ್ ಟ್ಯಾಂಕಿಗೆ ಸಾಗಿಸಬೇಕು. ಹಾಗಿದ್ದೂ ಮೊದಲ ಎರಡು ವಾರ ದಿನವೂ ಅಮೋನಿಯಾ ಪರೀಕ್ಷಿಸಬೇಕು. ಟೆಸ್ಟ್ ಕಿಟ್ಟಿನ ಹಳದಿ ನೀರು ಹಸಿರಿಗೆ ತಿರುಗುತ್ತಿದೆ ಎಂದರೆ, ಅಂದೇ ಕಾಲು ಭಾಗ ನೀರು ಬದಲಿಸಬೇಕು.

ಮೀನು ಬಂದ ದಿನ

ಚೀಲದ ನೀರಿಗೆ ಗಂಟೆಗಟ್ಟಲೆ ಹನಿಹನಿಯಾಗಿ ಹೊಸ ನೀರು ಬಿಡುವ ರೂಢಿ ಹಲವರಲ್ಲಿದೆ. ದೂರದಿಂದ ಬಂದ ಮೀನಿಗೆ ಅದು ಅಪಾಯಕಾರಿ. ಚೀಲದೊಳಗೆ ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್ ನೀರಿನ ಪಿಎಚ್ ಅನ್ನು ತಗ್ಗಿಸಿ ಅಮೋನಿಯಾವನ್ನು ನಿರುಪದ್ರವ ಸ್ಥಿತಿಯಲ್ಲಿ ಇಟ್ಟಿರುತ್ತದೆ. ಚೀಲ ಬಿಚ್ಚಿದೊಡನೆ ಅನಿಲ ಹೊರಹೋಗಿ, ಪಿಎಚ್ ಏರಿ, ಅದೇ ಅಮೋನಿಯಾ ವಿಷವಾಗುತ್ತದೆ. ಹೀಗಾಗಿ ಅಂಗಡಿಯವರು ಎಷ್ಟು ಲವಣಾಂಶದಲ್ಲಿ ಮೀನು ಇಟ್ಟಿದ್ದಾರೆಂದು ಮೊದಲೇ ಕೇಳಿಕೊಂಡು, ನಮ್ಮ ಟ್ಯಾಂಕನ್ನೂ ಅಷ್ಟಕ್ಕೇ ತಂದಿಡಬೇಕು. ಎಷ್ಟೋ ಕಡೆ ಅದು 1.020ರ ಆಸುಪಾಸಿನಲ್ಲಿರುತ್ತದೆ. ಉಷ್ಣತೆ ಸರಿದೂಗಲು ಮುಚ್ಚಿದ ಚೀಲವನ್ನು ಇಪ್ಪತ್ತು ನಿಮಿಷ ತೇಲಿಬಿಟ್ಟು, ಬಿಚ್ಚಿದ ಕೂಡಲೇ ಮೀನನ್ನು ಮಾತ್ರ ಟ್ಯಾಂಕಿಗೆ ಬಿಟ್ಟು, ಚೀಲದ ನೀರನ್ನು ಚೆಲ್ಲಬೇಕು. ಆಮೇಲೆ ದಿನಕ್ಕೆ 0.001ರಂತೆ 1.025ರವರೆಗೆ ಲವಣಾಂಶ ಏರಿಸಿದರಾಯಿತು.

ನೋಡುವ ದಿನಗಳು

ಕನಿಷ್ಠ 30 ದಿನ. ನನ್ನ ಅನುಭವದಲ್ಲಿ ಆರು ವಾರವಾದರೆ ನೆಮ್ಮದಿ. ಮೊದಲ ದಿನ ದೀಪ ಬೇಡ, ಮರುದಿನದಿಂದ ಮೈಸಿಸ್ ಸೀಗಡಿಯನ್ನು ಸ್ವಲ್ಪ ಸ್ವಲ್ಪವೇ ಕೊಟ್ಟು, ಹತ್ತು ನಿಮಿಷದಲ್ಲಿ ಉಳಿದದ್ದನ್ನು ನಳಿಕೆಯಿಂದ ಹೀರಿ ತೆಗೆಯಬೇಕು. ರಾತ್ರಿ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಮೀನಿನ ಮೈ ನೋಡುವುದು ನನ್ನ ನಿತ್ಯದ ಕ್ರಮ. ಬಿಡಿಬಿಡಿಯಾದ ರವೆಯ ಕಾಳು ಕಂಡರೆ ಇಕ್. ಹೊಂಬಣ್ಣದ ಧೂಳು ಉದುರಿಸಿದಂತಿದ್ದು, ಮೀನು ಏದುಸಿರು ಬಿಡುತ್ತಾ ಪಂಪಿನ ಹರಿವಿಗೆ ಮುಖಕೊಟ್ಟು ನಿಂತಿದ್ದರೆ ವೆಲ್ವೆಟ್ ಎಂಬ ಇನ್ನೊಂದು ಪರಾವಲಂಬಿ ರೋಗವಿರಬೇಕು. ವೆಲ್ವೆಟ್ ಎರಡು ಮೂರು ದಿನದಲ್ಲೇ ಮೀನನ್ನು ಕೊಲ್ಲಬಲ್ಲದು. ಆಗ ಬೆಂಗಳೂರಿನಿಂದ ಕೊರಿಯರ್‌ನಲ್ಲಿ ಔಷಧ ತರಿಸುವಷ್ಟು ಸಮಯವಿರುವುದಿಲ್ಲ, ಹಾಗಾಗಿ ಮೀನಿಗಿಂತ ಮೊದಲು ಔಷಧ ಮತ್ತು ತಾಮ್ರದ ಟೆಸ್ಟ್ ಕಿಟ್ ಮನೆಯಲ್ಲಿರಬೇಕು.

ಇಕ್ ಮತ್ತು ವೆಲ್ವೆಟ್ ಎರಡಕ್ಕೂ ತಾಮ್ರ ಕೆಲಸ ಮಾಡುತ್ತದೆ. ಅಯಾನಿಕ್ ತಾಮ್ರ, ಕೀಲೇಟೆಡ್ ತಾಮ್ರ ಎಂಬ ಬಗೆಗಳ ಪ್ರಮಾಣ ಒಂದೇ ಅಲ್ಲವಾದ್ದರಿಂದ ಸೀಸೆಯ ಮೇಲಿನ ಸೂಚನೆಯನ್ನೇ ಪಾಲಿಸಿ, ಎರಡು ಮೂರು ದಿನಗಳಲ್ಲಿ ಹಂತಹಂತವಾಗಿ ಆ ಮಟ್ಟಕ್ಕೆ ಏರಿಸಿ, ಇಕ್‌ಗೆ ಪೂರ್ತಿ 30 ದಿನ ಅದು ತಗ್ಗದಂತೆ ನೋಡಿಕೊಳ್ಳಬೇಕು. ನೀರು ಬದಲಿಸಿದಾಗ ಹೊಸ ನೀರಿಗೂ ಅಷ್ಟೇ ತಾಮ್ರ ಬೆರೆಸಿರಬೇಕು. ಆ ಅವಧಿಯಲ್ಲಿ ಅಮೋನಿಯಾ ಕಟ್ಟುವ ದ್ರಾವಣಗಳನ್ನು ಹಾಕುವಂತಿಲ್ಲ, ಕೆಲವು ಬಗೆಯ ತಾಮ್ರದೊಂದಿಗೆ ಸೇರಿ ಅವು ಮೀನಿಗೇ ವಿಷವಾಗುತ್ತವೆ. ಸೀಗಡಿ, ಬಸವನಹುಳು, ಹವಳಗಳಿಗೆ ತಾಮ್ರವೇ ಮಾರಕವಾದ್ದರಿಂದ ಈ ಟ್ಯಾಂಕಿನ ಬಲೆ, ಬಕೆಟ್, ನಳಿಕೆ ಯಾವುದೂ ದೊಡ್ಡ ಟ್ಯಾಂಕಿನ ಹತ್ತಿರ ಸುಳಿಯಬಾರದು.

ಮೀನನ್ನು ದೊಡ್ಡ ಟ್ಯಾಂಕಿಗೆ ದಾಟಿಸಿದ ಮೇಲೆ ತಾಮ್ರ ಕಂಡ ಸ್ಪಾಂಜನ್ನು ಎಸೆದು, ಉಳಿದದ್ದನ್ನೆಲ್ಲ ಬ್ಲೀಚ್ ನೀರಿನಲ್ಲಿ ತೊಳೆದು, ತಾರಸಿಯ ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ ಎತ್ತಿಡಬೇಕು. ಅದೇ ದಿನ ಹೊಸ ಸ್ಪಾಂಜೊಂದನ್ನು ಸಂಪಿಗೆ ಇಳಿಸಿದರೆ ಮುಂದಿನ ಮೀನಿನ ಸಿದ್ಧತೆ ಶುರುವಾದಂತೆ.