ಬಳ್ಳಾರಿಯ ಬಿಸಿಲೂರಲ್ಲಿ ಗಿಡಕ್ಕೆ ಎಲ್‌ಇಡಿ ಲೈಟು: ನನ್ನ ಅನುಭವ

"ಅಕ್ಕಾ, ಬಳ್ಳಾರಿಯಾಗ ಬೆಳಕಿಗೇನು ಬರ? ಕಿಟಕಿ ತೆಗೀರಿ ಸಾಕು" ಅಂದಿದ್ದ ಬೆಂಗಳೂರು ರೋಡಿನ ಲೈಟಿನಂಗಡಿಯ ಹುಡುಗ. ಮಾತೇನೋ ಸರಿ. ಆದರೆ ಮಾರ್ಚ್ ಬಂತೆಂದರೆ ನಮ್ಮೂರಲ್ಲಿ ಮಧ್ಯಾಹ್ನ ಕಿಟಕಿ ತೆಗೆಯುವವರು ಯಾರು? ಪಶ್ಚಿಮದ ಕಿಟಕಿಗೆ ದಪ್ಪ ಪರದೆ, ಒಳಗೆ ಕೂಲರ್, ಹಾಲ್‌ನಲ್ಲಿ ಅರೆಗತ್ತಲೆ. ಪುದೀನಾ ಕುಂಡವನ್ನು ಬಾಲ್ಕನಿಯಲ್ಲಿಟ್ಟರೆ ಎಲೆ ಸುಟ್ಟು ಕರಕಲು. ಒಳಗೆ ತಂದರೆ ದಂಟು ಉದ್ದುದ್ದ ಎಳೆದುಕೊಂಡು, ಎಲೆ ಬಿಳಚಿ, ಕೊನೆಗೆ ಮಲಗಿಬಿಡುತ್ತದೆ.

ಮೊಬೈಲಿನಲ್ಲಿ ಲಕ್ಸ್, ಅಂದರೆ ಬೆಳಕಿನ ಪ್ರಮಾಣ, ಅಳೆಯುವ ಆ್ಯಪ್ ಹಾಕಿಕೊಂಡು ನೋಡಿ, ಕಾರಣ ತಾನೇ ಕಾಣುತ್ತದೆ. ಹೊರಗಿನ ನಡುಮಧ್ಯಾಹ್ನದ ಬಿಸಿಲು ಒಂದು ಲಕ್ಷ ಲಕ್ಸ್ ಹತ್ತಿರ ಇರುತ್ತದೆ. ಪರದೆ ಎಳೆದ ನಮ್ಮ ಹಾಲ್‌ನಲ್ಲಿ, ಕಿಟಕಿಯಿಂದ ಮೂರಡಿ ಒಳಗೆ, ಇನ್ನೂರರ ಆಸುಪಾಸು. ನಮ್ಮ ಕಣ್ಣು ಹೊಂದಿಕೊಳ್ಳುತ್ತದೆ, ಆ ಬೆಳಕಿನಲ್ಲೇ ಪೇಪರ್ ಓದುತ್ತೇವೆ. ಗಿಡಕ್ಕೆ ಆ ಸೌಲಭ್ಯ ಇಲ್ಲ. ಮನಿ ಪ್ಲಾಂಟ್ ಅಂಥ ಕಡೆ ಸಾಯುವುದಿಲ್ಲ, ಹಾಗಂತ ಬೆಳೆಯುವುದೂ ಇಲ್ಲ.

ಲೈಟು ಕೊಳ್ಳಲು ಹೊರಟವರೆಲ್ಲ ಮೊದಲು ಕೇಳುವುದು "ಎಷ್ಟು ವಾಟ್?" ಅಂತ. ವಾಟ್ ಅಂದರೆ ಲೈಟು ಎಷ್ಟು ಕರೆಂಟ್ ತಿನ್ನುತ್ತದೆ ಎಂಬ ಲೆಕ್ಕ, ಅಷ್ಟೇ. ಗಿಡ ಆಹಾರ ತಯಾರಿಸಲು ಬಳಸುವುದು 400ರಿಂದ 700 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು. ಅದು ಒಂದು ಚದರ ಮೀಟರ್ ಜಾಗದ ಮೇಲೆ ಸೆಕೆಂಡಿಗೆ ಎಷ್ಟು ಬೀಳುತ್ತದೆ ಎಂಬುದನ್ನು ಪಿಪಿಎಫ್‌ಡಿ ಅನ್ನುತ್ತಾರೆ, ಅಳತೆ ಮೈಕ್ರೋಮೋಲ್‌ನಲ್ಲಿ. ಅಳೆಯುವ ಯಂತ್ರ ದುಬಾರಿ, ನನ್ನ ಬಳಿ ಇಲ್ಲ. ಬಿಳಿ ಎಲ್‌ಇಡಿ ಆದರೆ ಲಕ್ಸ್ ಸಂಖ್ಯೆಯನ್ನು 70ರಿಂದ ಭಾಗಿಸಿದರೆ ಅಂದಾಜು ಮೈಕ್ರೋಮೋಲ್ ಸಿಗುತ್ತದೆ. 7000 ಲಕ್ಸ್ ಅಂದರೆ ಹೆಚ್ಚುಕಮ್ಮಿ 100. ಅದನ್ನು ಲೈಟು ಉರಿಯುವ ಗಂಟೆಗಳಿಂದ, ಆಮೇಲೆ 0.0036ರಿಂದ ಗುಣಿಸಿದರೆ ದಿನದ ಒಟ್ಟು ಬೆಳಕು ಮೋಲ್‌ನಲ್ಲಿ ಬರುತ್ತದೆ. ನಲ್ಲಿ ಸಣ್ಣಗೆ ಬಂದರೂ ಹೆಚ್ಚು ಹೊತ್ತು ಬಿಟ್ಟರೆ ಕೊಡ ತುಂಬುವ ಹಾಗೆ, 100 ಮೈಕ್ರೋಮೋಲ್ ಹನ್ನೆರಡು ಗಂಟೆಗೆ 4.3 ಮೋಲ್ ಆಗುತ್ತದೆ. ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್ ತರದವಕ್ಕೆ ಅಷ್ಟು ಧಾರಾಳ. ಪುದೀನಾ, ಕೊತ್ತಂಬರಿಗೆ ಹತ್ತಕ್ಕಿಂತ ಮೇಲೆ ಬೇಕು. ಮೆಣಸಿನ ಗಿಡ ಕಾಯಿ ಬಿಡಬೇಕೆಂದರೆ ಇಪ್ಪತ್ತು ದಾಟಬೇಕು. ಮೆಣಸಿನಕಾಯಿಗಾಗಿ ಬಳ್ಳಾರಿಯಲ್ಲಿ ಮನೆಯೊಳಗೆ ಲೈಟು ಉರಿಸುವುದು ನನ್ನ ಕೈಲಾಗದು. ಸಂತೆಯಲ್ಲಿ ಸಿಗುತ್ತೆ ಬಿಡಿ.

ಹಾಗಾಗಿ ಎಲೆಗಿಡಗಳ ಸ್ಟ್ಯಾಂಡಿಗೆ ನಾನು ಹಾಕಿದ್ದು ಮಾಮೂಲಿ 20 ವಾಟ್‌ನ ನಾಲ್ಕಡಿ ಎಲ್‌ಇಡಿ ಬ್ಯಾಟನ್, 6500 ಕೆಲ್ವಿನ್‌ನದು, ಜೋಡಿ. ಎಲೆಯಿಂದ ಒಂದಡಿ ಮೇಲೆ ಕಟ್ಟಿದರೆ ಎಲೆಗೆ ಬೀಳುವ ಬೆಳಕು ಐದು ಸಾವಿರ ಲಕ್ಸ್ ದಾಟುತ್ತದೆ. ಗಿಡಕ್ಕೆಂದೇ ಮಾರುವ ಗ್ರೋ ಲೈಟ್ ಅಲ್ಲ, ಗಿಡಕ್ಕೆ ಅದು ಗೊತ್ತೂ ಇಲ್ಲ. ಪುದೀನಾಗೆ ಮಾತ್ರ ಬೇರೆ ಬೋರ್ಡ್ ತಂದೆ. ಬಿಳಿ ಎಲ್‌ಇಡಿ ನಡುವೆ ಅಲ್ಲಲ್ಲಿ 660 ನ್ಯಾನೋಮೀಟರಿನ ಕೆಂಪು ಇರುವಂಥದ್ದು. ಎರಡಡಿ ಉದ್ದ ಎರಡಡಿ ಅಗಲದ ಜಾಗಕ್ಕೆ ನಿಜವಾದ 40-50 ವಾಟ್ ಸಾಕಾಗುತ್ತದೆ.

'ನಿಜವಾದ' ಅಂದದ್ದಕ್ಕೆ ಕಾರಣ ಇದೆ. ಆನ್‌ಲೈನಿನಲ್ಲಿ ಬರುವ ಗ್ರೋ ಲೈಟುಗಳ ಡಬ್ಬಿ ಮೇಲಿನ ವಾಟ್ ನಂಬುವಂತಿಲ್ಲ. ಪರೀಕ್ಷೆ ಸುಲಭ: ಮನೆಯ ಕರೆಂಟ್ ಮೀಟರಿನಲ್ಲಿ ಸಣ್ಣ ಕೆಂಪು ದೀಪ ಮಿಣುಕುತ್ತಿರುತ್ತದೆ. ಪಕ್ಕದಲ್ಲೇ 3200 ಇಂಪ್ ಅಂತಲೋ ಬೇರೆ ಸಂಖ್ಯೆಯೋ ಬರೆದಿರುತ್ತದೆ. ಒಂದು ಯೂನಿಟ್‌ಗೆ ಅಷ್ಟು ಸಲ ಮಿಣುಕುತ್ತದೆ ಎಂದರ್ಥ. ಫ್ರಿಜ್, ಫ್ಯಾನ್, ಇನ್ವರ್ಟರ್ ಎಲ್ಲ ಆಫ್ ಮಾಡಿ ಆ ಲೈಟೊಂದನ್ನೇ ಹಚ್ಚಿ, ಎರಡು ಮಿಣುಕಿನ ನಡುವೆ ಎಷ್ಟು ಸೆಕೆಂಡ್ ಎಣಿಸಿ. 3200ರ ಮೀಟರಿನಲ್ಲಿ 28 ಸೆಕೆಂಡಿಗೊಮ್ಮೆ ಮಿಣುಕಿದರೆ 40 ವಾಟ್. ಗೆಳತಿಯೊಬ್ಬಳ ಮನೆಯಲ್ಲಿ '1000 ವಾಟ್' ಅಂತ ಬರೆದಿದ್ದ ಲೈಟು ಹಚ್ಚಿ ಮೀಟರ್ ಮುಂದೆ ನಿಂತೆವು. ಹೇಳಿದಂತೆ ಇದ್ದಿದ್ದರೆ ಸೆಕೆಂಡಿಗೊಂದರಂತೆ ಮಿಣುಕಬೇಕಿತ್ತು. ಹನ್ನೊಂದು ಸೆಕೆಂಡಿಗೊಂದು ಬಂತು. ಅಂದರೆ ನೂರು ವಾಟ್!

ನೀಲಿ, ಕೆಂಪು ಎರಡೇ ಸೇರಿ ನೇರಳೆಯಾಗಿ ಕಾಣುವ ಲೈಟುಗಳ ಬಗ್ಗೆ ತುಂಬ ಜನ ಕೇಳುತ್ತಾರೆ. ಪತ್ರಹರಿತ್ತು ಹೆಚ್ಚಾಗಿ ಹೀರುವುದು ನೀಲಿ, ಕೆಂಪನ್ನೇ, ಅದು ಸುಳ್ಳಲ್ಲ. ಆದರೆ ಹಸಿರು ಬೆಳಕೂ ಎಲೆಯ ಒಳಪದರಗಳಿಗೆ ಇಳಿದು ಕೆಲಸಕ್ಕೆ ಬರುತ್ತದೆ. ಬಿಳಿಯಲ್ಲಿ ಮೂರೂ ಇವೆ. ನೇರಳೆಯಡಿ ಎಲೆ ಹಳದಿ ಆಗಿದ್ದರೂ ಕಾಣದು, ಬಿಳಿನೊಣ ಕೂತಿದ್ದರೂ ಕಾಣದು. ಮೊಬೈಲಿನ ಲಕ್ಸ್ ಲೆಕ್ಕವೂ ಅಲ್ಲಿ ಕೆಡುತ್ತದೆ, ಯಾಕೆಂದರೆ ಲಕ್ಸ್ ಅನ್ನುವುದು ಮನುಷ್ಯರ ಕಣ್ಣಿನ ಅಳತೆ. ಇನ್ನು ಹಾಲ್‌ನಲ್ಲಿ ಅದನ್ನು ಉರಿಸಿದರೆ ಪಕ್ಕದ ಮನೆಯವರು "ಏನ್ರೀ, ಸಿನಿಮಾ ಶೂಟಿಂಗಾ?" ಅಂತ ಕೇಳದೆ ಇರುವುದಿಲ್ಲ.

ಎತ್ತರದ ವಿಷಯದಲ್ಲಿ ಒಂದೇ ಮಾತು. ಬಲ್ಬಾದರೆ ದೂರ ಅರ್ಧ ಮಾಡಿದರೆ ಬೆಳಕು ಹೆಚ್ಚುಕಮ್ಮಿ ನಾಲ್ಕು ಪಟ್ಟಾಗುತ್ತದೆ. ಉದ್ದನೆಯ ಬ್ಯಾಟನ್ ಗಿಡಕ್ಕೆ ಹತ್ತಿರವಿದ್ದಾಗ ಸುಮಾರು ಎರಡು ಪಟ್ಟು. ಆದ್ದರಿಂದ ಸರಪಳಿ ಕಟ್ಟಿ ನೇತುಹಾಕಿ, ಮೊಳೆ ಹೊಡೆದು ಕೂರಿಸಬೇಡಿ. ತುದಿ ಎಲೆ ಬಿಳಿಚಿದರೆ ಎರಡು ಕೊಂಡಿ ಮೇಲೆ, ದಂಟು ಎಳೆದುಕೊಂಡರೆ ಎರಡು ಕೊಂಡಿ ಕೆಳಗೆ.

ನಮ್ಮ ಕಡೆಯವರು ಲೈಟಿನ ಬಣ್ಣಕ್ಕಿಂತ ಹೆಚ್ಚು ನೋಡಬೇಕಾದ್ದು ಡ್ರೈವರ್, ಅಂದರೆ ಮನೆಯ ಕರೆಂಟನ್ನು ಎಲ್‌ಇಡಿಗೆ ಒಗ್ಗುವಂತೆ ಬದಲಿಸಿ ಕೊಡುವ ಭಾಗ. ಏಪ್ರಿಲ್, ಮೇನಲ್ಲಿ ಹೊರಗೆ ನಲವತ್ತು ದಾಟುವ ಊರಿದು, ಕೋಣೆಯೂ ಕಾದಿರುತ್ತದೆ. ಎಲ್‌ಇಡಿ ಚಿಪ್ ಬೇಗ ಹೋಗುವುದಿಲ್ಲ, ಡ್ರೈವರಿನೊಳಗಿನ ಕೆಪಾಸಿಟರ್ ಬಿಸಿಗೆ ಒಣಗಿ ಮೊದಲು ಅದೇ ಕೈಕೊಡುತ್ತದೆ. ಡ್ರೈವರ್ ಬೇರೆಯಾಗಿದ್ದರೆ ಅದನ್ನಷ್ಟೇ ಬದಲಿಸಬಹುದು, ಒಳಗೇ ಕೂರಿಸಿದ್ದರೆ ಇಡೀ ಲೈಟು ಗುಜರಿಗೆ. ಹಿಂಬದಿ ಅಲ್ಯೂಮಿನಿಯಂ ಇರಲಿ, ಪ್ಲಾಸ್ಟಿಕ್ ಬೇಡ. ವೋಲ್ಟೇಜ್ ಏರಿಳಿತ ತಡೆಯಲು 100ರಿಂದ 300 ವೋಲ್ಟ್ ಅಂತ ಬರೆದಿರುವುದನ್ನು ಆರಿಸಿದೆ, ಸರ್ಕಾರಿ ಗುಣಮಟ್ಟ ಸಂಸ್ಥೆಯಾದ ಬಿಐಎಸ್ ನೋಂದಣಿ ಸಂಖ್ಯೆ ಇದೆಯೇ ಎಂದೂ ನೋಡಿದೆ. ಗಾಳಿಯಾಡದ ಗೋಡೆಗೂಡಿನಲ್ಲಿ ಲೈಟು ಇಡುವುದಿಲ್ಲ. ಕೂಲರಿನ ತುಂತುರು ತಾಗುವ ಜಾಗದಲ್ಲೂ ಇಲ್ಲ. ಎಕ್ಸ್‌ಟೆನ್ಷನ್ ಬೋರ್ಡ್ ಕುಂಡಗಳಿಗಿಂತ ಮೇಲೆ, ಗೋಡೆಗೆ. ನಮ್ಮೂರಿನ ಕೆಂಪು ಧೂಳು ಲೈಟಿನ ಮೇಲೂ ಎಲೆ ಮೇಲೂ ಕೂರುತ್ತದೆ. ಲೈಟು ಆರಿಸಿ ಒಣಬಟ್ಟೆಯಲ್ಲಿ ಒರೆಸಿದರೆ ಲಕ್ಸ್ ಏರುವುದು ಮೊಬೈಲಿನಲ್ಲೇ ಕಾಣುತ್ತದೆ.

ಟೈಮರ್ ಹಾಕದಿದ್ದರೆ ಆರಿಸುವುದು ಮರೆತೇ ಹೋಗುತ್ತದೆ. ತಿರುಗುವ ಮುಳ್ಳಿನ ಅಗ್ಗದ ಟೈಮರ್ ಕರೆಂಟ್ ಹೋದಷ್ಟು ಹೊತ್ತು ನಿಂತು ಹಿಂದೆ ಬೀಳುತ್ತದೆ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತಗೊಳ್ಳಿ. ಸೇವಂತಿಗೆ ಕುಂಡವನ್ನು ಮಾತ್ರ ಈ ಕೋಣೆಗೆ ತರಬೇಡಿ. ಉದ್ದನೆಯ ರಾತ್ರಿ ಸಿಕ್ಕರೆ ಮಾತ್ರ ಅದು ಮೊಗ್ಗು ಕಟ್ಟುವುದು.

ಬಿಲ್ಲು? 40 ವಾಟ್ ದಿನಕ್ಕೆ ಹದಿನಾಲ್ಕು ಗಂಟೆ ಉರಿದರೆ ತಿಂಗಳಿಗೆ ಸುಮಾರು 17 ಯೂನಿಟ್. ಗೃಹಜ್ಯೋತಿ ಇದೆಯಲ್ಲ ಅನ್ನಬೇಡಿ. 200 ಯೂನಿಟ್ ಅನ್ನುವುದು ಮೇಲಿನ ಮಿತಿ, ನಿಮ್ಮ ಪಾಲು ಹಳೆಯ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿದಷ್ಟೇ. ಅದನ್ನು ದಾಟಿದ್ದಕ್ಕೆ ಜೆಸ್ಕಾಂಗೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲು. ಅದಕ್ಕೇ ನಮ್ಮ ಮನೆಯಲ್ಲಿ ಪುದೀನಾದ ಬೋರ್ಡ್ ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ಮಾತ್ರ. ಆಮೇಲೆ ಕುಂಡ ಬಾಲ್ಕನಿಗೆ ಹೋಗುತ್ತದೆ, ಮೊದಲ ವಾರ ಬೆಳಗಿನ ಎಳೆಬಿಸಿಲಿಗಷ್ಟೇ. ಲೈಟಿನಡಿ ಬೆಳೆದ ಎಲೆಗೆ ನೇರ ಬಿಸಿಲು ಒಮ್ಮೆಲೇ ಬಿದ್ದರೆ ತಡೆಯದು.