ಹಾರ್ಡ್‌ಡಿಸ್ಕ್‌ಗೆ ಗಾಳಿ ಆಡುವಂತೆ ಕೂರಿಸುವುದು ಹೇಗೆ?

ಮಂಡ್ಯದ ಫೋಟೊ ಸ್ಟುಡಿಯೊಗಳ ಕಂಪ್ಯೂಟರ್ ಕ್ಯಾಬಿನೆಟ್ ಬಿಚ್ಚಿದರೆ ಇದನ್ನು ಮತ್ತೆ ಮತ್ತೆ ನೋಡುತ್ತೇನೆ. ಮೂರು ಹಾರ್ಡ್‌ಡಿಸ್ಕ್ ಒಂದರ ಮೇಲೊಂದು, ನಡುವೆ ಬೆರಳು ತೂರದಷ್ಟು ಜಾಗ, ಮುಂದಿನ ಫ್ಯಾನಿಗೆ ಅಡ್ಡವಾಗಿ ಕೇಬಲ್ ಗಂಟು. ವರ್ಷಗಟ್ಟಲೆ ತೆಗೆದ ಮದುವೆ ಫೋಟೊಗಳೆಲ್ಲ ಆ ಬಿಸಿಯಲ್ಲೇ ಇರುತ್ತವೆ. ಏಪ್ರಿಲ್‌ನಲ್ಲಿ ಹೊರಗೇ 35 ಡಿಗ್ರಿ ದಾಟುವ ಊರು ನಮ್ಮದು, ಅಲ್ವಾ?

ಮೊದಲು ಬ್ಯಾಕಪ್ ಮಾಡಿ, ಆಫ್ ಮಾಡಿ, ಪ್ಲಗ್ ಕೀಳಿ.

ಈಗ ಜಾಗ ಆರಿಸುವುದು. ಎಲ್ಲರೂ ಎಡವುವುದು ಇಲ್ಲೇ. ಗಾಳಿ ಮುಂದಿನಿಂದ ಬಂದು ಹಿಂದೆ ಮತ್ತು ಮೇಲೆ ಹೋಗಬೇಕು. ಮುಂದಿನ ಫ್ಯಾನ್ ನಿಜಕ್ಕೂ ಒಳಗೆ ಊದುತ್ತಿದೆಯಾ ನೋಡಿಕೊಳ್ಳಿ. ಫ್ಯಾನಿನ ಮೋಟರ್ ಹಿಡಿದಿರುವ ಕಡ್ಡಿಗಳು ಯಾವ ಬದಿಗಿವೆಯೋ ಆ ಬದಿಯಿಂದ ಗಾಳಿ ಹೊರಬರುತ್ತದೆ. ಆ ಫ್ಯಾನಿನ ನೇರ ಹಿಂದೆ ಇರುವ ‘ಬೇ’ಗಳಲ್ಲೇ (ಡಿಸ್ಕ್ ಕೂರಿಸುವ ಗೂಡುಗಳಲ್ಲೇ) ಹಾರ್ಡ್‌ಡಿಸ್ಕ್ ಹಾಕಿ, ಒಂದು ಬಿಟ್ಟು ಒಂದರಂತೆ. ನಾಲ್ಕು ಬೇ ಇದ್ದರೆ ಎರಡು ಡಿಸ್ಕ್ ಸಾಕು. ಮೂರನೆಯದು ಬೇಕೇಬೇಕು ಅಂದರೆ ದೊಡ್ಡ ಡಿಸ್ಕ್ ಒಂದನ್ನು ಕೊಂಡು ಹಳೆಯ ಎರಡನ್ನು ತೆಗೆಯಿರಿ, ನನ್ನ ಮಾತು ಕೇಳಿ. ಖಾಲಿ ಉಳಿದ ಕೇಜ್ (ಬೇಗಳಿರುವ ಚೌಕಟ್ಟು) ಸ್ಕ್ರೂ ಬಿಚ್ಚಿದರೆ ಬರುವಂಥದ್ದಾದರೆ ತೆಗೆದೇಬಿಡಿ, ಸುಮ್ನೆ ಗಾಳಿಗೆ ಅಡ್ಡ. ಕೇಜ್ ಕ್ಯಾಬಿನೆಟ್‌ನ ತಳದಲ್ಲಿ, ಪವರ್ ಸಪ್ಲೈ ಪಕ್ಕದಲ್ಲಿದ್ದರೆ ಮುಂಭಾಗದ ತೀರಾ ಕೆಳಗಿನ ಫ್ಯಾನ್ ಇರಲೇಬೇಕು. ಮೇಲೆ ಎಷ್ಟು ಬಣ್ಣದ ಫ್ಯಾನ್ ಹಾಕಿದರೂ ಅಲ್ಲಿಗೆ ಗಾಳಿ ತಲುಪುವುದಿಲ್ಲ.

ಡಿಸ್ಕ್ ಮಲಗಿಸಬಹುದು, ನಿಲ್ಲಿಸಬಹುದು, ಓರೆಯಾಗಿ ಮಾತ್ರ ಬೇಡ. ಮೂರೂವರೆ ಇಂಚಿನ ಡಿಸ್ಕ್‌ಗೆ ದಪ್ಪ ಮರೆಯ (ಸುತ್ತುಗೆರೆಯ) 6-32 ಅಳತೆಯ ಸ್ಕ್ರೂ, ಎರಡೂವರೆ ಇಂಚಿನದಕ್ಕೆ ಎಂ3. ನಾಲ್ಕೂ ಹಾಕಿ. ಕ್ಯಾಬಿನೆಟ್ ಜೊತೆ ಬಂದ ರಬ್ಬರ್ ಬಿಸಾಡಬೇಡಿ, ಅದುರು ತಡೆಯುವುದು ಅದೇ. ಡಿಸ್ಕ್ ಮೇಲಿನ ಸಣ್ಣ ಉಸಿರು ರಂಧ್ರಕ್ಕೆ ಸ್ಟಿಕ್ಕರ್ ಅಂಟಿಸಬೇಡಿ.

ತಿರುಗುವ ಭಾಗವಿಲ್ಲದೆ ಚಿಪ್‌ನಲ್ಲಿ ಡೇಟಾ ಇಡುವ ಎಸ್‌ಎಸ್‌ಡಿ ಸಾಟಾ ಕೇಬಲ್‌ನದ್ದಾದರೆ ಅದಕ್ಕೆ ಫ್ಯಾನಿನ ಹಿಂದಿನ ಜಾಗ ದಂಡ. ಅದು ಜಾಸ್ತಿ ಬಿಸಿಯಾಗುವುದಿಲ್ಲ, ಮದರ್‌ಬೋರ್ಡ್ ಕೂರಿಸಿದ ಲೋಹದ ತಟ್ಟೆಯ ಹಿಂದೆ ಹಾಕಿ. ಕೇಬಲ್ ಇಲ್ಲದೆ ನೇರ ಮದರ್‌ಬೋರ್ಡ್‌ನ ಎಂ.2 ಸ್ಲಾಟ್‌ಗೆ ಸಿಕ್ಕಿಸುವ ಎನ್‌ವಿಎಂಇ ಎಸ್‌ಎಸ್‌ಡಿ ಮಾತ್ರ ಬೇರೆ: ಗ್ರಾಫಿಕ್ಸ್ ಕಾರ್ಡ್ ಅಡಿಯ ಸ್ಲಾಟ್ ಬಿಟ್ಟು ಬೇರೆ ಇದ್ದರೆ ಅದನ್ನೇ ಬಳಸಿ, ಹೀಟ್‌ಸಿಂಕ್ (ಬಿಸಿ ಹೀರುವ ಲೋಹದ ಪಟ್ಟಿ) ಪ್ಯಾಡ್ ಮೇಲಿನ ತೆಳು ಪ್ಲಾಸ್ಟಿಕ್ ಹಾಳೆ ಸುಲಿಯಿರಿ. ಕೆಲವು ಬೋರ್ಡ್‌ಗಳಲ್ಲಿ ಎಂ.2 ಸ್ಲಾಟ್ ತುಂಬಿದರೆ ಒಂದೆರಡು ಸಾಟಾ ಪೋರ್ಟ್ ಕೆಲಸ ನಿಲ್ಲಿಸುತ್ತವೆ. ಡಿಸ್ಕ್ ಕಾಣುತ್ತಿಲ್ಲ ಎಂದು ಗಾಬರಿಯಾಗುವ ಮೊದಲು ಮ್ಯಾನುಯಲ್ ನೋಡಿ.

ಕೇಬಲ್‌ಗೆ ಬನ್ನಿ. ಡಿಸ್ಕ್‌ನ ಪಿನ್ನುಗಳು ಮದರ್‌ಬೋರ್ಡ್ ತಟ್ಟೆಯ ಹಿಂದಿರುವ ಪಕ್ಕದ ಡೋರ್ ಕಡೆಗಿರಲಿ, ಆಗ ವೈರೆಲ್ಲ ತಟ್ಟೆಯ ಹಿಂದೆ ಹೋಗುತ್ತದೆ. ಡೇಟಾ ಕೇಬಲ್ ಅರ್ಧ ಮೀಟರ್ ಸಾಕು, ಕ್ಲಿಪ್ ಇರುವುದನ್ನೇ ಕೇಳಿ ತನ್ನಿ. ಮೋಲೆಕ್ಸ್ ಎಂಬ ಹಳೆಯ ನಾಲ್ಕು ಪಿನ್ನಿನ ಪವರ್ ಪ್ಲಗ್‌ನಿಂದ ಸಾಟಾಗೆ ಬದಲಿಸುವ ಅಚ್ಚು ಹಾಕಿದ ಅಗ್ಗದ ಕನೆಕ್ಟರ್ ಬೇಡವೇ ಬೇಡ, ಒಳಗೇ ಶಾರ್ಟ್ ಆಗಿ ಉರಿದುಹೋಗಬಹುದು. ಬೇರೆ ಪವರ್ ಸಪ್ಲೈನ ಮಾಡ್ಯುಲರ್ (ಬಿಚ್ಚಿ ಹಾಕಬಹುದಾದ) ಕೇಬಲ್ ಕೂಡ ಸಿಕ್ಕಿಸಬೇಡಿ. ಪ್ಲಗ್ ಸರಿಯಾಗಿ ಕೂತರೂ ಒಳಗಿನ ತಂತಿಗಳ ಕ್ರಮ ಬೇರೆ ಇರಬಹುದು, ಡಿಸ್ಕ್ ಒಂದೇ ಕ್ಷಣದಲ್ಲಿ ಸುಡುತ್ತದೆ.

ಡೋರ್ ಮುಚ್ಚಿ. ಅದನ್ನು ತೆರೆದಿಟ್ಟು ಟೇಬಲ್ ಫ್ಯಾನ್ ಬಿಡುವವರು ನಮ್ಮಲ್ಲಿ ಬಹಳ. ಹಾಗೆ ಮಾಡಿದರೆ ಗಾಳಿ ದಿಕ್ಕು ತಪ್ಪುತ್ತದೆ, ಸುಗ್ಗಿಯಲ್ಲಿ ಆಲೆಮನೆ ಕಡೆಯ ಮಸಿ, ಧೂಳೆಲ್ಲ ಒಳಗೆ ಸೇರುತ್ತದೆ.

ಆಮೇಲೆ ಡಿಸ್ಕ್‌ನ ತಾಪಮಾನ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಸಾಫ್ಟ್‌ವೇರ್ ತೆರೆದು, ದೊಡ್ಡ ಫೈಲುಗಳನ್ನು ಅರ್ಧ ಗಂಟೆ ಕಾಪಿ ಮಾಡುತ್ತಾ ತಾಪಮಾನ ನೋಡಿ. 45 ಡಿಗ್ರಿಯೊಳಗಿದ್ದರೆ ಚೆನ್ನಾಗಿದೆ. 50 ದಾಟಿದರೆ ಬೇ ಬದಲಿಸಿ. ಹೆಚ್ಚಿನ ಡಿಸ್ಕ್‌ಗಳಿಗೆ ಕಂಪನಿ ಹಾಕಿರುವ ಮಿತಿಯೇ 60. ಮುಂದಿನ ಧೂಳಿನ ಜಾಲರಿಯನ್ನು ತಿಂಗಳಿಗೊಮ್ಮೆ ತೊಳೆದು, ಪೂರ್ತಿ ಒಣಗಿಸಿ ಹಾಕಿ.